ಅಟ್ಟದಲ್ಲಿ ಸಿಕ್ಕ ಹಳೇ ಜಪಾನ್ ಕ್ಯಾಮೆರಾ: ಎಣ್ಣೆ ಬಿಡುವ ಮೊದಲು, ಹಣ ಕಟ್ಟುವ ಮೊದಲು ಇದನ್ನು ಓದಿ

ಹೋದ ವರ್ಷ ದೀಪಾವಳಿಗೆ ಮನೆ ಗುಡಿಸಿ ಸಾರಿಸುವಾಗ ಹೊಳೆನರಸೀಪುರದ ನಮ್ಮ ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಒಂದು ಚರ್ಮದ ಚೀಲ ಸಿಕ್ಕಿತು. ಅದರೊಳಗೆ ತಾತನ ಮಡಚುವ ಕ್ಯಾಮೆರಾ ಇತ್ತು. ಗುಂಡಿ ಒತ್ತಿದರೆ ಮುಂದಿನ ಮುಚ್ಚಳ ತೆರೆದುಕೊಳ್ಳುತ್ತದೆ, ಹಾರ್ಮೋನಿಯಂ ತಿದಿಯಂಥ ಕಪ್ಪು ಮಡಿಕೆಗಳ ತುದಿಯಲ್ಲಿ ಲೆನ್ಸ್ ಹೊರಗೆ ಬರುತ್ತದೆ. ಲೆನ್ಸಿನ ಸುತ್ತಲಿನ ಬಳೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ಸೈಕೋಶಾ' ಎಂದು ಕೆತ್ತಿದೆ. ಲಿವರ್ ಎಳೆದು ಒತ್ತಿದರೆ ಮಾತ್ರ ಏನೂ ಆಗುತ್ತಿರಲಿಲ್ಲ.

ಕ್ಯಾಮೆರಾದ ಫೋಟೋ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಿತ್ತು. ಅರ್ಧ ಗಂಟೆಯೊಳಗೆ ಎರಡು ಸಂದೇಶ ಬಂದವು. ಮೊದಲನೆಯದು ಎಲ್ಲಿಂದಲೋ ಬಂದ ಫಾರ್ವರ್ಡ್: ಇಂಥ ಹಳೇ ಜಪಾನ್ ಕ್ಯಾಮೆರಾ ಇದ್ದವರಿಗೆ ವಿದೇಶಿಗರು ಲಕ್ಷಗಟ್ಟಲೆ ಕೊಡುತ್ತಾರಂತೆ, ಹಿಂಬಾಗಿಲು ತೆಗೆದು ಒಳಗಿನ ನಂಬರಿನ ಫೋಟೋ ಕಳಿಸಿ ನೋಂದಣಿ ಶುಲ್ಕ ಕಟ್ಟಬೇಕಂತೆ. ಎರಡನೆಯದು ಚನ್ನರಾಯಪಟ್ಟಣದ ನಮ್ಮ ಅಣ್ಣನದು: ಶಟರ್ ಅಂಟಿಕೊಂಡಿದ್ದರೆ ಒಂದೇ ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟರೆ ಹೊಸದರ ಥರ ಓಡುತ್ತದಂತೆ.

ದೊಡ್ಡಪ್ಪ ಹಿಂಬಾಗಿಲು ತೆಗೆದೇಬಿಟ್ಟರು. ಒಳಗೆ ಫಿಲ್ಮ್ ಸುರುಳಿ ಇತ್ತು! "ಇದ್ರೊಳಗೆ ಏನೋ ಸುತ್ತೈತೆ ಕಣಮ್ಮ" ಎಂದು ನನಗೆ ಫೋನ್ ಮಾಡುವಷ್ಟರಲ್ಲಿ ಮಧ್ಯಾಹ್ನದ ಬೆಳಕು ಅದರ ಮೇಲೆ ಬಿದ್ದಾಗಿತ್ತು. "ಮೊದಲು ಮುಚ್ಚಿ ದೊಡ್ಡಪ್ಪ, ಎಣ್ಣೆ ಮಾತ್ರ ಬಿಡಬೇಡಿ" ಎಂದೆ. ಎಣ್ಣೆ ಬಿದ್ದಿರಲಿಲ್ಲ, ಅಷ್ಟರಮಟ್ಟಿಗೆ ಪುಣ್ಯ.

ಹಳೇ ಕ್ಯಾಮೆರಾ ಸಿಕ್ಕಿದ ಮನೆಗಳಲ್ಲಿ ಇಂಥ ಸಲಹೆಗಳು ಓಡಾಡುತ್ತಲೇ ಇರುತ್ತವೆ. ಅವು ಯಾಕೆ ತಪ್ಪು ಎಂದು ತಿಳಿಯಬೇಕಾದರೆ ಆ ಲೋಹದ ಬಳೆಯೊಳಗೆ ಏನಿದೆ ಎಂದು ನೋಡಬೇಕು.

ಶಟರ್ ಮಾಡುವ ಕೆಲಸ ಏನು?

ಸರಳವಾಗಿ ಹೇಳುವುದಾದರೆ ಶಟರ್ ಒಂದು ಬಾಗಿಲು. ಫಿಲ್ಮಿಗೆ ಬೆಳಕು ಬೇಕು, ಆದರೆ ಅಳತೆಯಲ್ಲಿ ಬೇಕು. ಹೆಚ್ಚಾದರೆ ಚಿತ್ರ ಬೆಳ್ಳಗೆ ತೊಳೆದುಹೋಗುತ್ತದೆ, ಕಡಿಮೆಯಾದರೆ ಕತ್ತಲಾಗುತ್ತದೆ. ಬಾಗಿಲನ್ನು ಸರಿಯಾದ ಹೊತ್ತು ತೆರೆದು ಮುಚ್ಚುವುದಷ್ಟೇ ಶಟರಿನ ಕೆಲಸ.

ಮೊದಲ ಕಾಲದ ಕ್ಯಾಮೆರಾಗಳಿಗೆ ಈ ಬಾಗಿಲೇ ಬೇಕಿರಲಿಲ್ಲ. ನಮ್ಮ ಜಿಲ್ಲೆಯ ಹಳೇಬೀಡಿಗೆ 1856ರಲ್ಲಿ ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಬ್ರಿಟಿಷ್ ಅಧಿಕಾರಿ ಕ್ಯಾಮೆರಾ ಹೊತ್ತು ಬಂದು ಹೊಯ್ಸಳೇಶ್ವರ ದೇವಸ್ಥಾನದ ಚಿತ್ರಗಳನ್ನು ತೆಗೆದ. ಅವುಗಳಲ್ಲಿ 56 ಚಿತ್ರಗಳ ಪುಸ್ತಕ 1859ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆಗಿನ ವಿಧಾನಗಳಲ್ಲಿ ಒಂದು ಚಿತ್ರಕ್ಕೆ ಹಲವು ಸೆಕೆಂಡು, ಕೆಲವೊಮ್ಮೆ ನಿಮಿಷಗಳೇ ಬೇಕಾಗುತ್ತಿದ್ದವು. ಲೆನ್ಸಿನ ಮುಚ್ಚಳ ತೆಗೆದು, ಬಾಯಲ್ಲಿ ಎಣಿಸಿ, ಮತ್ತೆ ಮುಚ್ಚಿದರೆ ಆಯಿತು. ಕಲ್ಲಿನ ಮದನಿಕೆ ಅಲುಗಾಡುವುದಿಲ್ಲವಾದ್ದರಿಂದ ತೊಂದರೆಯೂ ಇರಲಿಲ್ಲ.

1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಾಟಿನ್ ಬಳಸುವ ಒಣ ಪ್ಲೇಟಿನ ವಿಧಾನವನ್ನು ಮುಂದಿಟ್ಟ. ಮುಂದಿನ ಹತ್ತು ವರ್ಷಗಳಲ್ಲಿ ಅದು ಸುಧಾರಿಸಿ, ಬೆಳಕನ್ನು ಬಲು ಬೇಗ ಹೀರುವ ಪ್ಲೇಟುಗಳು ಬಂದವು. ಈಗ ಬೇಕಾಗಿದ್ದದ್ದು ಸೆಕೆಂಡಿನ ಇಪ್ಪತ್ತೈದನೇ, ನೂರನೇ ಒಂದು ಭಾಗ. ಅಷ್ಟು ಬೇಗ ಮುಚ್ಚಳ ತೆಗೆದು ಹಾಕಲು ಮನುಷ್ಯನ ಕೈಗೆ ಆಗುವುದಿಲ್ಲ. ಯಂತ್ರದ ಬಾಗಿಲು ಹುಟ್ಟಿದ್ದು ಹಾಗೆ.

ಎಲೆಗಳ ಬಾಗಿಲು

ಮಡಚುವ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದು ಲೀಫ್ ಶಟರ್, ಅಂದರೆ ಎಲೆ ಶಟರ್. ಕಾಗದದಷ್ಟು ತೆಳುವಾದ ಮೂರರಿಂದ ಐದು ಉಕ್ಕಿನ ಎಲೆಗಳು ಒಂದರ ಮೇಲೊಂದು ಅಂಚು ಹಾಯಿಸಿ ವೃತ್ತಾಕಾರವಾಗಿ ಕೂತಿರುತ್ತವೆ. ಇವು ಇರುವುದು ಲೆನ್ಸಿನ ಗಾಜುಗಳ ನಡುವೆ ಅಥವಾ ಅವುಗಳ ಬೆನ್ನಿಗೆ. ಗುಂಡಿ ಒತ್ತಿದಾಗ ಎಲ್ಲ ಎಲೆಗಳೂ ಒಟ್ಟಿಗೆ ನಡುವಿನಿಂದ ಹೊರಕ್ಕೆ ಸರಿಯುತ್ತವೆ, ಬೆಳಕು ಒಳಗೆ ಹೋಗುತ್ತದೆ, ಮತ್ತೆ ನಡುವಿಗೆ ಬಂದು ಮುಚ್ಚಿಕೊಳ್ಳುತ್ತವೆ.

ಒಳ್ಳೆಯ ಶಟರಿನಲ್ಲಿ ಇದೆಲ್ಲ ಸೆಕೆಂಡಿನ 500ನೇ ಒಂದು ಭಾಗದಲ್ಲಿ ಮುಗಿಯುತ್ತದೆ. ನಾವು ಒಮ್ಮೆ ಕಣ್ಣು ಮಿಟುಕಿಸಲು ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಬೇಕು. ಅಂದರೆ ಒಂದು ಮಿಟುಕಿನ ಹೊತ್ತಿನಲ್ಲಿ ಈ ಬಾಗಿಲು ಐವತ್ತು ಸಲ ತೆರೆದು ಮುಚ್ಚಬಹುದಾದಷ್ಟು ವೇಗ. ಇದಕ್ಕಿಂತ ಹೆಚ್ಚಿನ ವೇಗ ಎಲೆ ಶಟರಿಗೆ ಕಷ್ಟ. ಯಾಕೆಂದರೆ ಎಲೆಗಳು ಒಂದು ದಿಕ್ಕಿಗೆ ಓಡಿ, ನಿಂತು, ತಿರುಗಿ ಅದೇ ದಾರಿಯಲ್ಲಿ ವಾಪಸು ಬರಬೇಕು. ಓಡುವ ಎತ್ತಿನಗಾಡಿಯನ್ನು ತಟ್ಟನೆ ತಿರುಗಿಸಿದ ಹಾಗೆ.

ಮಡಚುವ ಕ್ಯಾಮೆರಾಕ್ಕೆ ಇದೇ ಯಾಕೆ? ಲೆನ್ಸೂ ಶಟರೂ ಒಂದೇ ಪುಟ್ಟ ಬಳೆಯಲ್ಲಿ ಅಡಗಿರುವುದರಿಂದ ಹಿಂದಿನ ಪೆಟ್ಟಿಗೆ ಖಾಲಿ ಇರುತ್ತದೆ, ಇಡೀ ಕ್ಯಾಮೆರಾ ಮಡಚಿ ಕೋಟಿನ ಜೇಬಿಗೆ ಹೋಗುತ್ತದೆ. ಸದ್ದು ಕಡಿಮೆ, ಅದುರುವುದೂ ಕಡಿಮೆ. ಇನ್ನೊಂದು ದೊಡ್ಡ ಲಾಭ ಫ್ಲಾಶಿನದು. ಪರದೆ ಸರಿಯುವಂಥ ಇನ್ನೊಂದು ಬಗೆಯ ಶಟರಿನಲ್ಲಿ ವೇಗ ಹೆಚ್ಚಾದಾಗ ಇಡೀ ಫಿಲ್ಮು ಒಟ್ಟಿಗೆ ತೆರೆದುಕೊಳ್ಳುವುದಿಲ್ಲ, ಒಂದು ಸಂದು ಮಾತ್ರ ಅದರ ಮೇಲೆ ಹರಿದುಹೋಗುತ್ತದೆ. ಆಗ ಫ್ಲಾಶ್ ಹೊಡೆದರೆ ಚಿತ್ರದ ಒಂದು ಪಟ್ಟಿಗೆ ಮಾತ್ರ ಬೆಳಕು ಬೀಳುತ್ತದೆ. ಎಲೆ ಶಟರಿನಲ್ಲಿ ಎಷ್ಟೇ ವೇಗ ಇರಲಿ, ಇಡೀ ಫಿಲ್ಮಿಗೆ ಒಟ್ಟಿಗೇ ಬೆಳಕು ಸಿಗುತ್ತದೆ. ಮಟಮಟ ಮಧ್ಯಾಹ್ನದ ಮದುವೆಯಲ್ಲಿ ಚಪ್ಪರದ ನೆರಳಲ್ಲಿ ನಿಂತ ಮದುಮಗಳ ಮುಖಕ್ಕೆ ಫ್ಲಾಶ್ ಹೊಡೆಯಬೇಕಾದವರಿಗೆ ಇದು ವರ. ನಮ್ಮ ಊರುಗಳ ಹಳೇ ಸ್ಟುಡಿಯೋದವರ ಕೈಯಲ್ಲಿದ್ದ ಯಾಶಿಕಾದಂಥ ಎರಡು ಕಣ್ಣಿನ ಕ್ಯಾಮೆರಾಗಳಲ್ಲಿ ಇದ್ದದ್ದೂ ಎಲೆ ಶಟರೇ.

ಕ್ಯಾಮೆರಾದೊಳಗೊಂದು ಗಡಿಯಾರ

ಎಲೆಗಳನ್ನು ಓಡಿಸುವುದು ಸ್ಪ್ರಿಂಗ್. ಆದರೆ 'ಒಂದು ಸೆಕೆಂಡು ತೆರೆದಿರು', 'ಅರ್ಧ ಸೆಕೆಂಡು ತೆರೆದಿರು' ಎಂದು ಹೇಳುವವರು ಯಾರು? ಅಲ್ಲೇ ಗಡಿಯಾರ ಬರುವುದು. ಬಳೆಯೊಳಗೆ ಪುಟ್ಟ ಪುಟ್ಟ ಹಲ್ಲುಚಕ್ರಗಳ ಸಾಲಿದೆ. ಅದರ ಕೊನೆಯಲ್ಲಿ ಅತ್ತಿತ್ತ ಬಡಿಯುವ ಒಂದು ಕೊಕ್ಕೆ, ಥೇಟ್ ಕೀ ಕೊಡುವ ವಾಚಿನಲ್ಲಿ ಇರುವ ಹಾಗೆ. ನಿಧಾನದ ವೇಗದಲ್ಲಿ ಕ್ಲಿಕ್ಕಿಸಿದರೆ ಕೇಳುವ 'ಜ್ಝ್...' ಎಂಬ ಸದ್ದು ಅದರದೇ. ವೇಗದ ಕ್ಲಿಕ್ಕಿಗೆ ಈ ಚಕ್ರಗಳ ತಡೆ ಬೇಕಿಲ್ಲ, ಸ್ಪ್ರಿಂಗೇ ಸಾಕು. ಹಾಗಾಗಿಯೇ ಹಳೇ ಶಟರುಗಳಲ್ಲಿ 1/100 ಓಡುತ್ತದೆ, 1 ಸೆಕೆಂಡು ಮಾತ್ರ ಅರ್ಧಕ್ಕೇ ನಿಂತುಬಿಡುತ್ತದೆ.

ಈ ವಿದ್ಯೆಯನ್ನು ಮುಂದಕ್ಕೆ ಒಯ್ದವರು ಜರ್ಮನಿಯವರು. ಮ್ಯೂನಿಕ್ಕಿನ ಡೆಕೆಲ್ ಕಂಪನಿ 1912ರಲ್ಲಿ 'ಕಾಂಪುರ್' ಶಟರನ್ನು ಹೊರತಂದಿತು. ಅವರ ಹಿಂದಿನ 'ಕಾಂಪೌಂಡ್' ಶಟರಿನ ಹೆಸರಿಗೆ ಜರ್ಮನ್ ಭಾಷೆಯಲ್ಲಿ ಗಡಿಯಾರ ಎಂಬರ್ಥದ 'ಊರ್' ಸೇರಿಸಿ ಮಾಡಿದ ಹೆಸರದು. ಜಪಾನಿನಲ್ಲಿ ಇದೇ ಕೆಲಸಕ್ಕೆ ಇಳಿದವರಲ್ಲಿ ವಾಚ್ ಕಂಪನಿಗಳೇ ಮುಂದಿದ್ದದ್ದು ಆಶ್ಚರ್ಯವಲ್ಲ. ಸೈಕೋಶಾ ಎಂದರೆ ಇಂದು ನಾವು ಸೈಕೋ ಎಂದು ಕರೆಯುವ ವಾಚಿನ ಮನೆತನದ ಕಾರ್ಖಾನೆ, 1892ರಲ್ಲಿ ಶುರುವಾದದ್ದು. ಸಿಟಿಜನ್ ವಾಚ್ ಕಂಪನಿ ಕೂಡ ಕ್ಯಾಮೆರಾ ಶಟರ್ ಮಾಡಿತು. ಎರಡನೇ ಮಹಾಯುದ್ಧದ ನಂತರ ಕೋಪಾಲ್ ಎಂಬ ಕಂಪನಿ ಶಟರುಗಳಿಂದಲೇ ಹೆಸರಾಯಿತು. ಮಾಮಿಯಾ ಸಿಕ್ಸ್, ಕೊನಿಶಿರೊಕು ಕಂಪನಿಯ ಪರ್ಲ್ ಮೊದಲಾದ 1950ರ ದಶಕದ ಮಡಚುವ ಕ್ಯಾಮೆರಾಗಳಲ್ಲಿ ಇಂಥ ಶಟರುಗಳೇ ಇದ್ದವು.

ಇದೇ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು. ಮುಂದೆ ತುಮಕೂರಿನಲ್ಲೂ ಒಂದು ಕಾರ್ಖಾನೆ ಬಂತು. ನಿಮ್ಮ ತಾತನ ಕೈಯಲ್ಲಿದ್ದ ಎಚ್‌ಎಂಟಿ ಜನತಾ ಮತ್ತು ಜಪಾನ್ ಕ್ಯಾಮೆರಾದೊಳಗಿನ ಶಟರು ದೂರದ ನೆಂಟರು ಎಂದರೆ ತಪ್ಪಿಲ್ಲ. ಕೈಗಡಿಯಾರ ನಿಂತರೆ ಅದರೊಳಗೆ ಕೊಬ್ಬರಿ ಎಣ್ಣೆ ಸುರಿಯುವವರನ್ನು ನೀವು ನೋಡಿದ್ದೀರಾ?

ಮಿಥ್ಯೆ 1: ಒಂದು ಹನಿ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ

ಬಾಗಿಲ ಕೀಲು, ಸೈಕಲ್ ಚೈನು, ಹೊಲಿಗೆ ಯಂತ್ರ ಎಲ್ಲಕ್ಕೂ ಎಣ್ಣೆ ಬೇಕು. ಹಾಗಾಗಿ ಈ ಸಲಹೆ ಸಹಜ ಎನಿಸುತ್ತದೆ. ಆದರೆ ಶಟರಿನ ಎಲೆಗಳು ಪೂರ್ತಿ ಒಣಗಿದ್ದಾಗ ಮಾತ್ರ ಓಡುವಂತೆ ಮಾಡಿದ್ದಾರೆ.

ಒಂದು ಸಣ್ಣ ಪ್ರಯೋಗ ಮಾಡಿ. ಎರಡು ಗಾಜಿನ ತುಂಡು ಅಥವಾ ಎರಡು ನಯವಾದ ಸ್ಟೀಲ್ ತಟ್ಟೆ ತೆಗೆದುಕೊಂಡು ನಡುವೆ ಒಂದು ಹನಿ ಎಣ್ಣೆ ಬಿಟ್ಟು ಒತ್ತಿ. ಜಾರಿಸಿದರೆ ಭಾರವಾಗಿ ಸರಿಯುತ್ತವೆ, ಎತ್ತಿದರೆ ಒಟ್ಟಿಗೆ ಬರುತ್ತವೆ. ಕಾಗದದಷ್ಟು ತೆಳುವಾದ ಎಲೆಗಳಿಗೂ ಇದೇ ಆಗುತ್ತದೆ. ಸಂದಿಗೆ ಬಿದ್ದ ಎಣ್ಣೆ ತಾನಾಗಿಯೇ ಹರಡಿ ಎಲ್ಲ ಎಲೆಗಳನ್ನೂ ಒಂದಕ್ಕೊಂದು ಹಿಡಿದಿಡುತ್ತದೆ. ಅವುಗಳನ್ನು ಎಳೆಯುವ ಸ್ಪ್ರಿಂಗು ಕೂದಲಿನಷ್ಟು ಸಣ್ಣದು, ಅದಕ್ಕೆ ಈ ಹಿಡಿತ ಬಿಡಿಸುವ ಶಕ್ತಿ ಇಲ್ಲ. ಬಲವಂತ ಮಾಡಿದರೆ ಎಲೆಯೇ ಮುರಿಯಬಹುದು.

ನಿಜ ಹೇಳಬೇಕೆಂದರೆ, ಹಳೇ ಶಟರು ಅಂಟಿಕೊಳ್ಳುವುದಕ್ಕೆ ಬಹಳ ಸಲ ಎಣ್ಣೆಯೇ ಕಾರಣ. ಕಾರ್ಖಾನೆಯಲ್ಲಿ ಲೆನ್ಸಿನ ಮರೆಗೆ ಹಚ್ಚಿದ ಗ್ರೀಸು ದಶಕಗಳ ಬಿಸಿಲು ಸೆಕೆಗೆ ಕರಗಿ, ಅದರ ಎಣ್ಣೆಯಂಶ ಎಲೆಗಳ ತನಕ ಹರಿದು, ಒಣಗಿ ಗೋಂದಿನಂತಾಗಿರುತ್ತದೆ. ಅದರ ಮೇಲೆ ಇನ್ನೊಂದು ಹನಿ ಬಿಡುವುದು ರೋಗವನ್ನೇ ಔಷಧಿ ಎಂದು ಕುಡಿಸಿದಂತೆ.

ಮೊದಲ ಹತ್ತು ನಿಮಿಷ ಎಣ್ಣೆ ಕೆಲಸ ಮಾಡಿದಂತೆ ಕಾಣುವುದೂ ಉಂಟು. ಹಳೇ ಗೋಂದು ಸ್ವಲ್ಪ ಸಡಿಲವಾಗುತ್ತದೆ, ಎಲೆ ಒಮ್ಮೆ ತೆರೆಯುತ್ತದೆ. ಆ ವಿಡಿಯೋ ಫಾರ್ವರ್ಡ್ ಆಗುತ್ತದೆ. ಮುಂದಿನ ತಿಂಗಳ ವಿಡಿಯೋ ಯಾರೂ ಕಳಿಸುವುದಿಲ್ಲ.

ಕೊಬ್ಬರಿ ಎಣ್ಣೆಯಂತೂ ಇನ್ನೂ ಕೆಟ್ಟದ್ದು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಡಿಸೆಂಬರ್ ಬೆಳಿಗ್ಗೆ ಸೀಸೆಯ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ಬಿಸಿನೀರಲ್ಲಿ ಇಟ್ಟು ಕರಗಿಸುವುದು ನಮಗೆಲ್ಲ ಗೊತ್ತು. ತೆಂಗಿನ ನಾಡಾದ ಚನ್ನರಾಯಪಟ್ಟಣದಲ್ಲಿ ಏಪ್ರಿಲ್‌ನಲ್ಲಿ ಬಿಟ್ಟ ಹನಿ ಡಿಸೆಂಬರ್ ಹೊತ್ತಿಗೆ ಎಲೆಗಳ ನಡುವೆ ಮೇಣವಾಗಿರುತ್ತದೆ.

ಸೀಮೆಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವೂ ಬೇಡ. ಇವು ಎಣ್ಣೆಯ ಪದರವನ್ನು ಬಿಟ್ಟುಹೋಗುತ್ತವೆ, ಜೊತೆಗೆ ಲೆನ್ಸಿನ ಒಳಗಾಜಿಗೂ ಮಬ್ಬು ಹಿಡಿಸುತ್ತವೆ. ಪೆಟ್ರೋಲಿನಲ್ಲಿ ಅದ್ದುವ ಸಲಹೆ ಬಂದರೆ ಅದು ಕ್ಯಾಮೆರಾಕ್ಕಿಂತ ನಿಮಗೇ ಅಪಾಯ. ಅದರ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಹಾಗಾದರೆ ಶಟರಿಗೆ ಎಣ್ಣೆಯೇ ಬೇಡವೇ? ಬೇಕು, ಆದರೆ ಎಲೆಗಳಿಗಲ್ಲ. ಹಲ್ಲುಚಕ್ರಗಳ ಅಚ್ಚಿನ ತುದಿಗೆ ಸೂಜಿಮೊನೆಯಷ್ಟು ವಾಚಿನ ಎಣ್ಣೆ ಮುಟ್ಟಿಸುತ್ತಾರೆ. ಅದಕ್ಕೂ ಮೊದಲು ಎಲ್ಲವನ್ನೂ ಬಿಚ್ಚಿ ತೊಳೆದು ಒಣಗಿಸಬೇಕು. ಅದು ಕಲಿತವರು ಮಾಡುವ ಕೆಲಸ.

ಮಿಥ್ಯೆ 2: 'ಕ್ಲಿಕ್' ಅಂದರೆ ಶಟರ್ ಸರಿಯಿದೆ

ನಿಮ್ಮ ಫೋನಿನಲ್ಲಿ ಫೋಟೋ ತೆಗೆದಾಗಲೂ 'ಕ್ಲಿಕ್' ಎನ್ನುತ್ತದೆ. ಆದರೆ ಅಲ್ಲಿ ಯಾವ ಎಲೆಯೂ ಅಲುಗುವುದಿಲ್ಲ. ಅದು ಸ್ಪೀಕರಿನಿಂದ ಬರುವ ರೆಕಾರ್ಡು. ಬಹುತೇಕ ಫೋನುಗಳಲ್ಲಿ ಸೆನ್ಸರು ಬೆಳಕನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಹಾಸನದಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ ಹೊಳೆನರಸೀಪುರ ದಾಟಿದ ಮೇಲೆ ಕಿಟಕಿಯಿಂದ ಫೋನಿನಲ್ಲಿ ಫೋಟೋ ತೆಗೆದು ನೋಡಿ, ಹತ್ತಿರದ ಕಂಬಗಳು ಓರೆಯಾಗಿ ಬಂದಿರುತ್ತವೆ. ಮೇಲಿನ ಸಾಲನ್ನು ಓದಿ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಕಂಬ ಸರಿದಿರುತ್ತದೆ. ಎಲೆ ಶಟರಿನ ಕ್ಯಾಮೆರಾದಲ್ಲಿ ಹೀಗೆ ಓರೆಯಾಗುವುದಿಲ್ಲ, ಯಾಕೆಂದರೆ ಇಡೀ ಚಿತ್ರಕ್ಕೆ ಒಟ್ಟಿಗೇ ಬೆಳಕು ಸಿಗುತ್ತದೆ.

ಹಳೇ ಕ್ಯಾಮೆರಾದ ಕ್ಲಿಕ್ ನಿಜವಾದ ಯಂತ್ರದ ಸದ್ದೇ. ಆದರೆ ಅದು ಒಳಗಿನ ಲಿವರಿನ ಸದ್ದು ಮಾತ್ರ ಇರಬಹುದು, ಎಲೆಗಳು ಕದಲದೆಯೂ ಇರಬಹುದು. ಅಥವಾ ತೆರೆದು ಸೋಮಾರಿಯಾಗಿ ಮುಚ್ಚಿಕೊಳ್ಳಬಹುದು. ಇದನ್ನು ಪರೀಕ್ಷಿಸಲು ನಿಮ್ಮ ಫೋನೇ ಸಾಕು.

ಕ್ಯಾಮೆರಾದಲ್ಲಿ ಫಿಲ್ಮ್ ಇಲ್ಲವೆಂದು ಖಾತ್ರಿಯಾದ ಮೇಲೆ ಹಿಂಬಾಗಿಲು ತೆರೆದು ಲೆನ್ಸನ್ನು ಬೆಳಕಿರುವ ಕಿಟಕಿಯ ಕಡೆ ಹಿಡಿಯಿರಿ. ಸೂರ್ಯನ ಕಡೆ ಬೇಡ, ಕಣ್ಣಿಗೆ ಅಪಾಯ. ಫೋನನ್ನು ಹಿಂದಿನಿಂದ ಇಟ್ಟು ಸ್ಲೋ ಮೋಷನ್ ವಿಡಿಯೋ ಮಾಡಿ. ಫೋನು ಸೆಕೆಂಡಿಗೆ 240 ಚಿತ್ರ ತೆಗೆಯುವುದಾದರೆ ಲೆಕ್ಕ ಹೀಗೆ: ಶಟರನ್ನು 1 ಸೆಕೆಂಡಿಗೆ ಇಟ್ಟಾಗ ಸುಮಾರು 240 ಚಿತ್ರಗಳಲ್ಲಿ ಬೆಳಕು ಕಾಣಬೇಕು. 1/10ಕ್ಕೆ 24. 1/25ಕ್ಕೆ ಹತ್ತರ ಹತ್ತಿರ. 1/50ಕ್ಕೆ ಐದರ ಹತ್ತಿರ. 1/100 ದಾಟಿದರೆ ಫೋನಿನ ಲೆಕ್ಕ ನಂಬುವಂತಿಲ್ಲ.

1/25ಕ್ಕೆ ಹತ್ತರ ಬದಲು ನಲವತ್ತು ಬಂದರೆ? ಫಿಲ್ಮಿಗೆ ನಾಲ್ಕು ಪಟ್ಟು ಬೆಳಕು ಹೋಗುತ್ತಿದೆ ಎಂದರ್ಥ. ಕೈಯಲ್ಲಿ ಹಿಡಿದು ತೆಗೆದರೆ ಚಿತ್ರ ಅದುರಿಯೂ ಹೋಗುತ್ತದೆ. ಶಟರು ಓಡುತ್ತಿದೆ, ಆದರೆ ಸ್ವಚ್ಛವಾಗಬೇಕಿದೆ.

ಈ ಪರೀಕ್ಷೆ ಮಾಡುವಾಗ ಮೂರು ಎಚ್ಚರ. ಲಿವರ್ ಎಳೆಯುವ ಮೊದಲೇ ವೇಗ ಹೊಂದಿಸಿ. ಮುಖ್ಯವಾಗಿ ಅತಿ ಹೆಚ್ಚಿನ ವೇಗಕ್ಕೆ ಹಲವು ಶಟರುಗಳಲ್ಲಿ ಬೇರೆ ಸ್ಪ್ರಿಂಗ್ ಇರುತ್ತದೆ, ಎಳೆದ ಮೇಲೆ ಬಲವಂತವಾಗಿ ತಿರುಗಿಸಿದರೆ ಮುರಿಯುತ್ತದೆ. 'ವಿ' ಎಂಬ ಅಕ್ಷರ ಇದ್ದರೆ ಅದು ತಾನಾಗಿ ಕ್ಲಿಕ್ಕಿಸುವ ಟೈಮರ್, ಹಳೇ ಶಟರಿನಲ್ಲಿ ಅದನ್ನು ಮುಟ್ಟಲೇಬೇಡಿ. ಅದು ನಡುವೆ ನಿಂತರೆ ಇಡೀ ಶಟರು ಕಟ್ಟಿಕೊಳ್ಳುತ್ತದೆ. ಇನ್ನು 'ಬಿ' ಎಂದರೆ ಬಲ್ಬ್, ಒತ್ತಿ ಹಿಡಿದಷ್ಟು ಹೊತ್ತೂ ಶಟರು ತೆರೆದಿರುತ್ತದೆ. ಹಿಂದೆ ರಬ್ಬರ್ ಬುರುಡೆ ಹಿಸುಕಿ ಗಾಳಿಯಿಂದ ಶಟರ್ ತೆರೆಯುತ್ತಿದ್ದರು, ಆ ಹೆಸರು ಉಳಿದುಕೊಂಡಿದೆ. ವಿದ್ಯುತ್ ಬಲ್ಬಿಗೆ ಸಂಬಂಧವಿಲ್ಲ.

ಮಿಥ್ಯೆ 3: ಜಪಾನ್ ಕ್ಯಾಮೆರಾ ಎಂದರೆ ಲಕ್ಷ ರೂಪಾಯಿ

ಇಂಥ ಫಾರ್ವರ್ಡುಗಳಿಗೆ ಒಂದು ನಿಜ ಸುದ್ದಿ ಬೇರು. 2022ರ ಜೂನ್‌ನಲ್ಲಿ ಜರ್ಮನಿಯಲ್ಲಿ ಒಂದು ಕ್ಯಾಮೆರಾ 1.44 ಕೋಟಿ ಯೂರೋಗೆ ಹರಾಜಾಯಿತು. ಅದು ಲೈಕಾ ಕಂಪನಿ ಮಾರುಕಟ್ಟೆಗೆ ಬರುವ ಮೊದಲು ಪರೀಕ್ಷೆಗೆಂದು ಮಾಡಿದ ಬೆರಳೆಣಿಕೆಯ ಕ್ಯಾಮೆರಾಗಳಲ್ಲಿ ಒಂದು, ಅದನ್ನು ರೂಪಿಸಿದ ಆಸ್ಕರ್ ಬಾರ್ನಾಕ್ ಸ್ವತಃ ಬಳಸಿದ್ದು. ಅದಕ್ಕೂ ನಮ್ಮ ಅಟ್ಟದ ಕ್ಯಾಮೆರಾಕ್ಕೂ ಇರುವ ಸಂಬಂಧ, ಒಲಿಂಪಿಕ್ ಪದಕ ಗೆದ್ದ ಷೂಗೂ ನಮ್ಮ ಮನೆ ಬಾಗಿಲಲ್ಲಿರುವ ಚಪ್ಪಲಿಗೂ ಇರುವಷ್ಟೇ.

1950ರ ದಶಕದ ಜಪಾನಿನ ಮಡಚುವ ಕ್ಯಾಮೆರಾಗಳು ಸಾಮಾನ್ಯ ಜನ ಕೊಳ್ಳಲೆಂದೇ ದೊಡ್ಡ ಸಂಖ್ಯೆಯಲ್ಲಿ ತಯಾರಾದವು. ಕೆಲವು ಅಪರೂಪದ ಮಾದರಿಗಳನ್ನು ಹವ್ಯಾಸಿಗಳು ಹುಡುಕಿ ಕೊಳ್ಳುವುದು ನಿಜ. ಆದರೆ ಅವರು ಮೊದಲು ಕೇಳುವ ಪ್ರಶ್ನೆಗಳೇ ಬೇರೆ: ಶಟರ್ ಎಲ್ಲ ವೇಗದಲ್ಲೂ ಓಡುತ್ತದೆಯೇ, ಎಲೆಗಳ ಮೇಲೆ ಎಣ್ಣೆ ಇದೆಯೇ, ಲೆನ್ಸಿಗೆ ಬೂಷ್ಟು ಹಿಡಿದಿದೆಯೇ, ತಿದಿಯಲ್ಲಿ ತೂತು ಇದೆಯೇ. ಅಂದರೆ ಫಾರ್ವರ್ಡಿನ ಮಾತು ಕೇಳಿ ಎಣ್ಣೆ ಬಿಟ್ಟವರು ಇದ್ದ ಬೆಲೆಯನ್ನೂ ಕಳೆದುಕೊಳ್ಳುತ್ತಾರೆ.

ಇನ್ನೊಂದು ಗೊಂದಲ ಹೆಸರಿನದು. ಲೆನ್ಸಿನ ಸುತ್ತ ಕೆತ್ತಿರುವ ಸೈಕೋಶಾ, ಸಿಟಿಜನ್, ಕೋಪಾಲ್ ಇವು ಶಟರಿನ ಹೆಸರು, ಕ್ಯಾಮೆರಾದ್ದಲ್ಲ. ಬೈಕಿನ ಟೈರಿನ ಮೇಲಿರುವ ಹೆಸರನ್ನು ಬೈಕಿನ ಹೆಸರು ಅಂದುಕೊಂಡ ಹಾಗೆ. ಕ್ಯಾಮೆರಾದ ಹೆಸರು ಸಾಮಾನ್ಯವಾಗಿ ಮೇಲಿನ ಲೋಹದ ತಟ್ಟೆಯ ಮೇಲೋ ಮುಚ್ಚಳದ ಚರ್ಮದ ಮೇಲೋ ಇರುತ್ತದೆ. ಅದನ್ನು ನೋಡಲು ಹಿಂಬಾಗಿಲು ತೆಗೆಯಬೇಕಾಗಿಯೇ ಇಲ್ಲ.

ಮೊದಲೇ ಶುಲ್ಕ ಕೇಳುವವರ ವಿಷಯ ಹೊಸದಲ್ಲ. ಹಳೇ ನೋಟು, ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ, ಕಮಿಷನ್, ತೆರಿಗೆ ಎಂದು ಹಣ ಕೇಳುವವರ ಬಗ್ಗೆ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಜನರನ್ನು ಎಚ್ಚರಿಸಿತ್ತು. ಕ್ಯಾಮೆರಾ, ರೇಡಿಯೋ, ಹೊಲಿಗೆ ಯಂತ್ರ ಯಾವುದಾದರೂ ಆಟ ಅದೇ. ಕೊಳ್ಳುವವನು ನಿಮಗೆ ಹಣ ಕೊಡಬೇಕು, ನೀವು ಅವನಿಗಲ್ಲ. ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಿಲ್ಲ. 'ಪುರಾತನ ವಸ್ತು ಪರವಾನಗಿ' ಎಂದು ಯಾರಾದರೂ ಹೆದರಿಸಿದರೆ ಇದನ್ನು ನೆನಪಿಡಿ: 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಇಂಥ ವಸ್ತುಗಳಿಗೆ ಕನಿಷ್ಠ 100 ವರ್ಷ ಆಗಿರಬೇಕು. 1950ರ ದಶಕದ ಕ್ಯಾಮೆರಾ ಅದರೊಳಗೆ ಬರುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮಳೆಗಾಲ, ಬೂಷ್ಟು ಮತ್ತು ಅಕ್ಕಿ ಡಬ್ಬ

ಶಟರು ಕೆಡಲು ನಮ್ಮ ಹವೆಯೂ ಕಾರಣ. ಹಾಸನ ಜಿಲ್ಲೆಯ ಪೂರ್ವದ ಚನ್ನರಾಯಪಟ್ಟಣ ಬಯಲುಸೀಮೆ, ಅಲ್ಲಿ ಧೂಳು ಹೆಚ್ಚು. ಪಶ್ಚಿಮಕ್ಕೆ ಹೋದಂತೆ ಮಳೆ ಹೆಚ್ಚು. ಅರಕಲಗೂಡಿನ ಮಲೆನಾಡು ಅಂಚಿನ ಹಳ್ಳಿಯಲ್ಲಿರುವ ನಮ್ಮ ಅತ್ತೆ ಮನೆಯಲ್ಲಿ ಆಷಾಢದಲ್ಲಿ ಬೀರುವಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಕ್ಯಾಮೆರಾಕ್ಕೆ ಹಿಡಿಯದೆ ಇರುತ್ತದೆಯೇ? ಚರ್ಮ ತೇವವನ್ನು ಹೀರಿ ಹಿಡಿದಿಡುತ್ತದೆ. ಎಲೆಗಳಿಗೆ ತುಕ್ಕು, ಗಾಜಿಗೆ ಬೂಷ್ಟಿನ ಬಲೆ.

ಹಾಗೆಂದು ಅಕ್ಕಿ ಡಬ್ಬದಲ್ಲಿ ಹೂಳಬೇಡಿ. ಅಕ್ಕಿ ತೇವ ಹೀರುವುದು ಅಷ್ಟಕ್ಕಷ್ಟೇ, ಅದರ ಹುಡಿ ಮಾತ್ರ ಸಂದಿಗೆ ಸೇರಿಕೊಳ್ಳುತ್ತದೆ. ನೆನೆದ ಫೋನನ್ನೂ ಅಕ್ಕಿಯಲ್ಲಿ ಇಡಬೇಡಿ ಎಂದು ಆ್ಯಪಲ್ ಕಂಪನಿಯೇ 2024ರಲ್ಲಿ ಗ್ರಾಹಕರಿಗೆ ಹೇಳಿದೆ. ಚೀಲದಿಂದ ಹೊರತೆಗೆದು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುವುದು ಒಳ್ಳೆಯದು. ಹೊಸ ಷೂ, ಬ್ಯಾಗುಗಳ ಜೊತೆ ಬರುವ ಪುಟ್ಟ ಪೊಟ್ಟಣಗಳೂ ಅವೇ, ಆದರೆ ಮಕ್ಕಳ ಕೈಗೆ ಸಿಗದಿರಲಿ. ಶಟರನ್ನು ಎಳೆದ ಸ್ಥಿತಿಯಲ್ಲಿ ಇಡಬೇಡಿ, ಸ್ಪ್ರಿಂಗ್ ಸೋಲುತ್ತದೆ.

ಕ್ಯಾಮೆರಾ ಸಿಕ್ಕರೆ ಏನು ಮಾಡಬೇಕು?

* ಮೊದಲು ಹಿಂಭಾಗದ ಪುಟ್ಟ ಕೆಂಪು ಕಿಟಕಿ ನೋಡಿ. ಅದರಲ್ಲಿ ಅಂಕಿ ಅಥವಾ ಗೆರೆ ಅಥವಾ ಕಾಗದ ಕಂಡರೆ ಒಳಗೆ ಫಿಲ್ಮ್ ಇದೆ. ಹಿಂಬಾಗಿಲು ತೆಗೆಯಬೇಡಿ.
* ಕಿಟಕಿಯಲ್ಲಿ ಏನೂ ಕಾಣದಿದ್ದರೂ ಫಿಲ್ಮ್ ತಿರುಗಿಸುವ ಗುಂಡಿಯನ್ನು ಬಾಣದ ಗುರುತಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಬಿಗಿತ ಇದ್ದರೆ ಫಿಲ್ಮ್ ಇರಬಹುದು.
* ಅಕಸ್ಮಾತ್ ತೆಗೆದಿದ್ದರೆ ತಕ್ಷಣ ಮುಚ್ಚಿ. ಎಲ್ಲವೂ ಹಾಳಾಗಿಲ್ಲ.
* ಶಟರಿಗೆ ಎಣ್ಣೆ, ಸ್ಪ್ರೇ, ಪೆಟ್ರೋಲ್ ಯಾವುದೂ ಬೇಡ. ಬೆರಳಿನಿಂದ ಎಲೆಗಳನ್ನು ತಳ್ಳಬೇಡಿ.
* ಹಳೇ ಸ್ಟುಡಿಯೋದವರನ್ನು, ಕೀ ಕೊಡುವ ವಾಚು ರಿಪೇರಿ ಮಾಡುವವರನ್ನು ಕೇಳಿ. ತಾವೇ ಮಾಡದಿದ್ದರೂ ಮೈಸೂರು, ಬೆಂಗಳೂರಿನಲ್ಲಿ ಮಾಡುವವರು ಅವರಿಗೆ ಗೊತ್ತಿರುತ್ತಾರೆ.
* ಮುಂಗಡ ಕೇಳಿದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಆ ಫಿಲ್ಮ್ ಏನಾಯಿತು?

ಇಂಥ ಕ್ಯಾಮೆರಾಗಳಲ್ಲಿ ಬಳಸುವ 120 ಫಿಲ್ಮಿಗೆ ಹಿಂದೆ ಕಪ್ಪು ಕಾಗದದ ಬೆನ್ನು ಇರುತ್ತದೆ. 1901ರಲ್ಲಿ ಕೊಡ್ಯಾಕ್ ತಂದ ಈ ಅಳತೆಯ ಫಿಲ್ಮ್ ಇಂದಿಗೂ ತಯಾರಾಗುತ್ತದೆ. ತೆಗೆದ ಚಿತ್ರಗಳು ಒಂದರ ಮೇಲೊಂದು ಸುತ್ತಿಕೊಳ್ಳುತ್ತಾ ಹೋಗುತ್ತವೆ, ಹಾಗಾಗಿ ಮೊದಲು ತೆಗೆದವು ಸುರುಳಿಯ ಒಳಗೆ, ಕಡೆಗೆ ತೆಗೆದವು ಹೊರಗೆ. ಹಿಂಬಾಗಿಲು ತೆರೆದಾಗ ಬೆಳಕು ಹೊರಸುತ್ತುಗಳನ್ನು ತಿನ್ನುತ್ತದೆ, ಒಳಗಿನವನ್ನು ಕಾಗದ ಕಾಯುತ್ತದೆ.

ನಮ್ಮ ಕ್ಯಾಮೆರಾದ ಕೆಂಪು ಕಿಟಕಿಯಲ್ಲಿ 9 ಎಂದಿತ್ತು. ಅಂದರೆ ತಾತ ಎಂಟು ಚಿತ್ರ ತೆಗೆದು ಒಂಬತ್ತನೆಯದಕ್ಕೆ ತಿರುಗಿಸಿಟ್ಟಿದ್ದರು. ಹಾಸನದ ಹಳೇ ಸ್ಟುಡಿಯೋದವರೊಬ್ಬರು ಕಪ್ಪು ಚೀಲದೊಳಗೆ ಕೈಹಾಕಿ ಸುರುಳಿ ಬಿಡಿಸಿಕೊಟ್ಟರು. ಕಾಗದದ ಮೇಲೆ 'ಇಂದು' ಎಂದಿತ್ತು, 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿಯ ಫಿಲ್ಮ್ ಅದು. ಬೆಂಗಳೂರಿನಲ್ಲಿ ತೊಳೆಸಿದಾಗ ಕಡೆಯ ಐದು ಚಿತ್ರ ಪೂರ್ತಿ ಕಪ್ಪಾಗಿದ್ದವು. ಮೊದಲ ಮೂರರಲ್ಲಿ ಮಸುಕು ಮಸುಕಾಗಿ ಏನೋ ಇತ್ತು. ಒಂದರಲ್ಲಿ ಹೊಲ, ಒಂದರಲ್ಲಿ ಯಾರದೋ ಬೆನ್ನು. ಇನ್ನೊಂದರಲ್ಲಿ ನಮ್ಮ ಅಜ್ಜಿ, ಮನೆಯ ಜಗಲಿಯ ಮೇಲೆ ಕೂತು ಹಲಸಿನಹಣ್ಣು ಬಿಡಿಸುತ್ತಿದ್ದಾರೆ. ಅಜ್ಜಿಯ ಬೇರೆ ಫೋಟೋಗಳೆಲ್ಲ ಸ್ಟುಡಿಯೋದಲ್ಲಿ ನೆಟ್ಟಗೆ ನಿಂತವು. ನಗುತ್ತಿರುವುದು ಇದೊಂದೇ.

ಉಳಿದ ಐದರಲ್ಲಿ ಏನಿತ್ತು ಎಂದು ದೊಡ್ಡಪ್ಪ ಇಂದಿಗೂ ಕೇಳುತ್ತಾರೆ. "ಆ ಫಾರ್ವರ್ಡ್ ಓದೋ ಬದಲು ಒಂದ್ ಫೋನ್ ಮಾಡಿದ್ರೆ ಆಗೋದು" ಎನ್ನುತ್ತಾರೆ. ಶಟರನ್ನು ಬಿಚ್ಚಿ ತೊಳೆಸಿದ್ದೇವೆ, ಈಗ 1 ಸೆಕೆಂಡಿನಲ್ಲೂ ಓಡುತ್ತದೆ. ಎಣ್ಣೆ ಬಿದ್ದಿಲ್ಲವಾದ್ದರಿಂದ ಕೆಲಸ ಸುಲಭವಾಯಿತು ಎಂದರು ರಿಪೇರಿಯವರು.

ನಿಮ್ಮ ಗುಂಪಿನಲ್ಲೂ ಇಂಥ ಕ್ಯಾಮೆರಾದ ಫೋಟೋ ಬಂದರೆ, ಮೊದಲು ಈ ಒಂದು ಸಾಲು ಕಳಿಸಿ: ಹಿಂಬಾಗಿಲು ತೆಗೆಯಬೇಡಿ, ಎಣ್ಣೆ ಬಿಡಬೇಡಿ, ಹಣ ಕಟ್ಟಬೇಡಿ.